ಕೆಂಪು ಬಸ್ಸಿನಲ್ಲಿ ಬೆಟ್ಟದ ಬುಡಕ್ಕೆ

ಬೆಂಗಳೂರಿನಲ್ಲಿ ರಾತ್ರಿ ಹತ್ತಿದ ಕೆಂಪು ಬಸ್ಸು ಶಿರಾಡಿ ಘಾಟಿಯ ತಿರುವುಗಳಲ್ಲಿ ತೂಗಿ ತೂಗಿ, ನಸುಕಿಗೆ ನಮ್ಮನ್ನು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿಸಿತು. ಪಕ್ಕದ ಸೀಟಿನ ಅಜ್ಜಿ ಹೊರಟಿದ್ದು ಸರ್ಪಸಂಸ್ಕಾರಕ್ಕೆ. ನನ್ನ ಬೆನ್ನುಚೀಲ ನೋಡಿ, ‘ಮೇಲೆ ಯಾವ ದೇವರಿದೆಯಪ್ಪ?’ ಎಂದರು. ಉತ್ತರ ಹೊಳೆಯಲಿಲ್ಲ.

ರೈಲಿನಲ್ಲೂ ಬರಬಹುದು. ಆದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಅಲ್ಲಿಂದ ಮತ್ತೆ ಬಸ್ಸೋ ಜೀಪೋ ಹಿಡಿಯಬೇಕು.

ನಾನು ಹತ್ತಲು ಹೊರಟಿದ್ದ ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಘಟ್ಟದ ಬುಡದಲ್ಲೇ ಇರುವುದರಿಂದ ಅಷ್ಟನ್ನೂ ಹೆಚ್ಚುಕಡಿಮೆ ಕಾಲಲ್ಲೇ ಏರಬೇಕು. ಕಾರಿನಲ್ಲಿ ಬಂದವರು ಕಾರಿಗಾಗಿ ಅದೇ ದಾರಿಯಲ್ಲಿ ಇಳಿಯಬೇಕು. ಬಸ್ಸಿನವರಿಗೆ ಆ ಹಂಗಿಲ್ಲ: ಅರಣ್ಯ ಇಲಾಖೆಯ ಅನುಮತಿಯಿದ್ದರೆ ಆಚೆ ಕೊಡಗಿನ ಬೀಡಳ್ಳಿಗೆ ಇಳಿಯಬಹುದು. ಅಲ್ಲಿಂದ ಸೋಮವಾರಪೇಟೆಗೆ ಹೋಗುವ ಬಸ್ಸಿನ ಹೊತ್ತನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.