ಊರು ಕಾಯುವ ವಿದ್ಯೆ

ಹರಿಹರದ ಗುಡಿಯಲ್ಲಿ ನಿಂತಿರುವ ದೇವರು ಒಬ್ಬನೇ. ಆದರೆ ಅವನೊಳಗೆ ಇಬ್ಬರಿದ್ದಾರೆ. ಹರಿ ಕಾಯುವವನು, ಹರ ಹರಣ ಮಾಡುವವನು. ರೋಗದ ವಿಚಾರದಲ್ಲಿಯೂ ಹೀಗೆಯೇ ಎರಡು ಕೆಲಸಗಳುಂಟು. ಬಂದ ರೋಗವನ್ನು ಹರಣ ಮಾಡುವುದು ಒಂದು. ರೋಗವು ಬಾರದಂತೆ ಊರನ್ನು ಕಾಯುವುದು ಇನ್ನೊಂದು. ಮೊದಲನೆಯದನ್ನು ಮಾಡುವ ವೈದ್ಯರನ್ನು ನೀವೆಲ್ಲರೂ ಬಲ್ಲಿರಿ. ಅವರ ಕೈಗುಣವನ್ನು ಮನೆಮನೆಯಲ್ಲಿ ಕೊಂಡಾಡುತ್ತೀರಿ. ಎರಡನೆಯದನ್ನು ಮಾಡುವವನನ್ನು ಬಲ್ಲವರು ಎಷ್ಟು ಮಂದಿ? ಅವನು ಬಾವಿಯ ನೀರನ್ನು ಪರೀಕ್ಷಿಸುತ್ತಾನೆ. ಕಾಲುವೆಯ ಅಂಚಿನಲ್ಲಿ ಸೊಳ್ಳೆಯ ಮರಿಗಳನ್ನು ಎಣಿಸುತ್ತಾನೆ. ಯಾವ ಬೀದಿಯಲ್ಲಿ ಎಷ್ಟು ಮಕ್ಕಳು ಏತರಿಂದ ಸತ್ತರೆಂದು ಲೆಕ್ಕವಿಡುತ್ತಾನೆ. ಅವನ ಕೆಲಸ ಸಫಲವಾದರೆ ಊರಿನಲ್ಲಿ ಏನೂ ನಡೆಯುವುದಿಲ್ಲ. ಬಾರದೆ ಹೋದ ಜ್ವರಕ್ಕಾಗಿ ಯಾರು ತಾನೆ ಕೃತಜ್ಞತೆ ಹೇಳುತ್ತಾರೆ?

ಇಂಥವನನ್ನು ಕಡಲಾಚೆಗೆ ಕಳುಹಿಸಿ ಹೆಚ್ಚಿನ ವಿದ್ಯೆ ಕಲಿಸಬೇಕಾದರೆ ಅದರ ವೆಚ್ಚವನ್ನು ಹೊರುವವರು ಯಾರು? ಇದೇ ಇಂದಿನ ನನ್ನ ಪ್ರಶ್ನೆ. ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆ ಕೆಲಸಕ್ಕೆ ಹೋಗಬೇಕಾದ ಮಕ್ಕಳು ಮೊದಲು ನಮ್ಮ ಹೈಸ್ಕೂಲಿನ ಬೆಂಚುಗಳ ಮೇಲೆಯೇ ಕುಳಿತಿರುತ್ತಾರಲ್ಲವೆ?

ದಾವಣಗೆರೆ ಕೈ ಬಿಗಿಹಿಡಿದ ಊರಲ್ಲ. ಇಲ್ಲಿಯ ಧರ್ಮಛತ್ರಗಳು, ಚಿಗಟೇರಿಯವರ ಹೆಸರನ್ನು ಹೊತ್ತ ಆಸ್ಪತ್ರೆ, ೧೯೬೫ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇವೆಲ್ಲವೂ ಊರಿನ ಔದಾರ್ಯಕ್ಕೆ ಸಾಕ್ಷಿಗಳು. ಆದರೆ ದಾನವು ಸಾಮಾನ್ಯವಾಗಿ ಕಟ್ಟಡದ ಕಡೆಗೆ ಹರಿಯುತ್ತದೆ. ಕಟ್ಟಡ ಕಣ್ಣಿಗೆ ಕಾಣುತ್ತದೆ. ಅದರ ಹಣೆಯ ಮೇಲೆ ಹಿರಿಯರ ಹೆಸರನ್ನು ಕೆತ್ತಿಸಬಹುದು. ತರುಣನೊಬ್ಬನ ತಲೆಯೊಳಗೆ ಸೇರಿದ ವಿದ್ಯೆಯ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ.

ನಮ್ಮ ನಾಡಿಗೆ ಇದು ಹೊಸ ಮಾತಲ್ಲ. ಹುಬ್ಬಳ್ಳಿಯ ಕಡೆಯಿಂದ ಹರಿಹರ, ದಾವಣಗೆರೆಗಳನ್ನು ಹಾದು ಬೆಂಗಳೂರಿಗೆ ಹೋಗುವ ರೈಲುದಾರಿಯಿದೆಯಷ್ಟೆ. ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕದ್ದು ಹುಬ್ಬಳ್ಳಿಯ ಕಡೆಯಿಂದ ರೈಲು ಹಿಡಿದೇ. ಆ ರೋಗದ ಕ್ರಿಮಿಯನ್ನು ಯೆರ್ಸಿನ್ ಎಂಬವರು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಇಲಿಯಿಂದ ಮನುಷ್ಯನಿಗೆ ಅದನ್ನು ಸಾಗಿಸುವುದು ಚಿಗಟವೆಂದು ಸೀಮಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿದ್ದು ಅದೇ ೧೮೯೮ರಲ್ಲಿ. ಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಹಿಡಿದವು. ಇತ್ತ ನಮ್ಮ ಜನ ಮನೆಮಠ ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ಬಿಡಾರ ಹೂಡಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಸ್ಥಿತಿ ಅದು.

ಆ ಸಂಕಟದಲ್ಲಿ ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ೧೮೬೩ರಲ್ಲಿ ತಿರುವಾಂಕೂರಿನ ಈಳವ ಕುಲದಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯ ಕಲಿತರೂ, ಜಾತಿಯ ಕಾರಣದಿಂದ ಅವರಿಗೆ ಸ್ವಂತ ಸಂಸ್ಥಾನದಲ್ಲಿ ಕೆಲಸ ದೊರೆಯಲಿಲ್ಲ. ಮೈಸೂರು ಕೆಲಸ ಕೊಟ್ಟಿತು. ಉನ್ನತ ವ್ಯಾಸಂಗಕ್ಕೆಂದು ವಿಲಾಯಿತಿಗೂ ಕಳುಹಿಸಿತು. ಅವರು ಕೇಂಬ್ರಿಜ್ಜಿನಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ಡಿಪ್ಲೊಮಾ ಪಡೆದು ಹಿಂದಿರುಗಿ ಬೆಂಗಳೂರಿನ ಆರೋಗ್ಯಾಧಿಕಾರಿಯಾದರು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಸರ್ಕಾರದವರು ಯೋಗ್ಯತೆಯನ್ನು ನೋಡಿದರು. ಹೋದವರು ಹಿಂದಿರುಗಿದಾಗ ಕೂರಲು ಒಂದು ಕುರ್ಚಿ, ಮಾಡಲು ಒಂದು ಕೆಲಸ ಸಿದ್ಧವಿತ್ತು.

ಮುಂದೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಮೈಸೂರು ಸಂಸ್ಥಾನದ ಆರೋಗ್ಯ ಕಾರ್ಯಕ್ಕೆ ನೆರವಾಯಿತು. ನಮ್ಮ ನೆರೆಯ ಹಿರಿಯೂರಿನಲ್ಲಿಯೂ ಮಲೇರಿಯಾ ಸಂಶೋಧನೆಯ ಠಾಣ್ಯವೊಂದು ನಡೆಯಿತು. ಆ ಸಂಸ್ಥೆಯವರು ವಿದ್ಯಾರ್ಥಿವೇತನ ಕೊಟ್ಟು ಪರದೇಶಕ್ಕೆ ಕರೆಸಿಕೊಳ್ಳುವಾಗ ಒಂದು ನಿಯಮವನ್ನಿಟ್ಟಿದ್ದರು: ಹಿಂದಿರುಗಿದವನಿಗೆ ಇಂಥ ಕೆಲಸ ಕೊಡುತ್ತೇವೆಂದು ಕಳುಹಿಸುವ ಸರ್ಕಾರ ಮೊದಲೇ ಮಾತು ಕೊಡಬೇಕು. ಹಣಕ್ಕಿಂತ ಈ ನಿಯಮವೇ ಬೆಲೆಯುಳ್ಳದ್ದೆಂದು ನನಗೆ ತೋರುತ್ತದೆ.

ಹೊರನಾಡಿನಲ್ಲಿ ಪಳಗಿದ ಕಣ್ಣಿಗೆ ಏನು ಕಾಣುತ್ತದೆಂಬುದಕ್ಕೆ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ರಾಕ್‌ಫೆಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತೂ ಕೂಡಿ ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನ ಕೇಂದ್ರದಿಂದ ತಜ್ಞರು ಬಂದರು. ಮೊದಲು ಇದು ಆಫ್ರಿಕದ ಹಳದಿ ಜ್ವರವಿರಬಹುದೆಂಬ ಭಯವಿತ್ತು. ಪರೀಕ್ಷೆ ನಡೆಸಿದಾಗ ಹೊಸದೊಂದು ವೈರಸ್ ಸಿಕ್ಕಿತು. ಅದನ್ನು ಹರಡುವುದು ಉಣುಗು, ಎಂದರೆ ಉಣ್ಣೆಹುಳು. ಅದರ ದಾಯಾದಿ ವೈರಸ್ಸುಗಳಿದ್ದುದು ಎಲ್ಲಿ? ದೂರದ ರಷ್ಯದ ಕಾಡುಗಳಲ್ಲಿ! ಸೊರಬದ ಕಾಯಿಲೆಗೂ ರಷ್ಯದ ಕಾಯಿಲೆಗೂ ಇರುವ ನಂಟು ಸೊರಬವೊಂದನ್ನೇ ಕಂಡವನಿಗೆ ಹೊಳೆಯುವುದಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಬರಿದೆ ಹೇಳಲಿಲ್ಲ. ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಹಳೆಯ ಲಸಿಕೆಯ ಬಲ ಸಾಲದೆಂದು ಅದನ್ನು ನಿಲ್ಲಿಸಿದ್ದಾರೆ. ಹೊಸದಕ್ಕಾಗಿ ಪ್ರಯತ್ನ ನಡೆದಿದೆ. ಆದುದರಿಂದ ಕಲಿತವರ ಅಗತ್ಯವೂ ಮುಗಿದಿಲ್ಲ.

“ಹೋದವರು ಮರಳಿ ಬರುವುದಿಲ್ಲವಲ್ಲ, ಅವರಿಗೇಕೆ ನಮ್ಮ ಹಣ?” ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಪುಣೆಯ ಅದೇ ಕೇಂದ್ರದಲ್ಲಿ ಮಂಗನ ಕಾಯಿಲೆಯ ಮೇಲೆ ದುಡಿದ ಡಾಕ್ಟರ್ ಕೀರ್ತಿ ಷಾ ಅವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಪ್ರಾಧ್ಯಾಪಕರಾಗಿ ನೆಲೆಸಿದರು. ಗರ್ಭಕಂಠದ ಕ್ಯಾನ್ಸರಿಗೆ ಒಂದು ವೈರಸ್ ಕಾರಣವೆಂಬುದನ್ನು ಸಿದ್ಧಪಡಿಸಿದವರಲ್ಲಿ ಅವರೊಬ್ಬರು. ಆ ಜ್ಞಾನದ ಫಲ ಇಂದು ನಮ್ಮ ಹೆಣ್ಣುಮಕ್ಕಳಿಗೂ ಸಲ್ಲುತ್ತಿದೆ. ಹಾಗಾಗಿ ಹೋದವರೆಲ್ಲರೂ ಕಳೆದುಹೋದವರಲ್ಲ. ಆದರೂ ಪುಣೆಯ ಮೇಜೊಂದು ಬರಿದಾದುದು ನಿಜ. ಹಿಂದಿರುಗಿದವನಿಗೆ ಪ್ರಯೋಗಶಾಲೆಯಿಲ್ಲ, ಸಹಾಯಕರಿಲ್ಲ, ಕಲಿತದ್ದನ್ನು ಬಳಸುವ ಹುದ್ದೆಯೂ ಇಲ್ಲ ಎಂದಾದರೆ, ಅವನನ್ನು ದೇಶಪ್ರೇಮದ ಮಾತಿನಿಂದ ಎಷ್ಟು ದಿನ ಕಟ್ಟಿಹಾಕಬಹುದು?

ಇನ್ನೊಂದು ಆಕ್ಷೇಪವೂ ಉಂಟು. ಕಲ್ಕತ್ತದಲ್ಲಿ ೧೯೩೨ರಿಂದ ಸಾರ್ವಜನಿಕ ಆರೋಗ್ಯದ ವಿದ್ಯಾಸಂಸ್ಥೆಯಿದೆ, ಬೆಂಗಳೂರಿನಲ್ಲಿ ೧೯೫೯ರಿಂದ ಕ್ಷಯರೋಗದ ರಾಷ್ಟ್ರೀಯ ಸಂಸ್ಥೆಯಿದೆ, ಮತ್ತೇಕೆ ಪರದೇಶ? ಇಲ್ಲಿ ಕಲಿಯಬಹುದಾದುದನ್ನು ಇಲ್ಲಿಯೇ ಕಲಿಯಬೇಕು, ಸಂದೇಹವಿಲ್ಲ. ಆದರೆ ಈ ಸಂಸ್ಥೆಗಳು ಬೆಳೆದದ್ದೂ ಹೊರಗಿನ ತಜ್ಞರ ಸಂಪರ್ಕದಿಂದಲೇ. ಇಲ್ಲಿ ಇನ್ನೂ ಇಲ್ಲದ ವಿದ್ಯೆಯನ್ನು ತಂದು ನೆಡುವುದಕ್ಕಾಗಿ ಒಬ್ಬಿಬ್ಬರು ಹೋಗಬೇಕು. ಭತ್ತದ ಬೀಜವನ್ನು ಹೊರಗಿನಿಂದ ಒಮ್ಮೆ ತಂದರೆ ಸಾಕು. ಆಮೇಲೆ ನಮ್ಮ ಗದ್ದೆಯೇ ಬೀಜ ಕೊಡುತ್ತದೆ.

ಹಾಗಾದರೆ ಮಾಡಬೇಕಾದುದೇನು? ಸರ್ಕಾರಿ ವಿದ್ಯಾರ್ಥಿವೇತನಗಳುಂಟು, ಹಿಂದುಳಿದ ಕೆಲವು ವರ್ಗಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರ ೧೯೫೪-೫೫ರಿಂದ ಪರದೇಶ ವ್ಯಾಸಂಗದ ವೇತನ ಕೊಡುತ್ತ ಬಂದಿದೆ. ಮೊದಲು ಅವನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು. ಇದರ ಜೊತೆಗೆ ಊರಿನದೂ ಒಂದು ನಿಧಿ ಬೇಕು. ಹತ್ತಿಗಿರಣಿಗಳಿಂದ ಹೆಸರಾಗಿದ್ದ ಈ ಊರಿಗೆ ಗಿರಣಿಯ ಒಡೆಯರೇ ಆಗಿದ್ದ ಜಮ್‌ಷೆಡ್‌ಜಿ ಟಾಟಾ ಅವರ ಮಾರ್ಗ ಹಿಡಿಸೀತು. ೧೮೯೨ರಲ್ಲಿ ಅವರು ಸ್ಥಾಪಿಸಿದ ನಿಧಿ ಪರದೇಶದ ವ್ಯಾಸಂಗಕ್ಕೆ ಹಣವನ್ನು ಸಾಲವಾಗಿ ಕೊಡುತ್ತದೆ. ಮೊದಮೊದಲು ಅದರಿಂದ ಹೋದವರು ಇಬ್ಬರು ವೈದ್ಯ ಮಹಿಳೆಯರು! ಒಬ್ಬರು ತೀರಿಸಿದ ಸಾಲ ಮತ್ತೊಬ್ಬರ ದಾರಿಖರ್ಚಾಗುತ್ತದೆ.

ಅಂಥ ನಿಧಿಗೆ ಮೂರು ಕಟ್ಟಳೆಗಳಿರಲಿ. ಕಲಿಯುವ ವಿಷಯ ನಮ್ಮ ನೆಲದ್ದಾಗಿರಲಿ: ಭದ್ರಾ ಕಾಲುವೆಯ ಬಯಲಿನ ಸೊಳ್ಳೆ, ತುಂಗಭದ್ರೆಯ ನೀರು, ಮಲೆನಾಡಿನ ಉಣುಗು. ಹೋಗುವ ಮುನ್ನವೇ ಹಿಂದಿರುಗಿದ ಮೇಲಿನ ಕೆಲಸ ಗೊತ್ತಾಗಿರಲಿ. ಅದಕ್ಕೆ ಇಲ್ಲಿಯ ಕಾಲೇಜುಗಳಾಗಲಿ ನಗರಪಾಲಿಕೆಯಾಗಲಿ ಮಾತು ಕೊಡಲಿ. ಮೂರನೆಯದು ಕನ್ನಡ ಪಂಡಿತನ ಬೇಡಿಕೆ: ಕಲಿತು ಬಂದವರು ತಾವು ಕಂಡುಕೊಂಡುದನ್ನು ಕನ್ನಡದಲ್ಲಿ ಬರೆಯಲಿ, ಹಳ್ಳಿಯ ಪಂಚಾಯಿತಿಯ ಮುಂದೆ ನಿಂತು ಹೇಳಲಿ. ಜನರ ಮನೆ ಬಾಗಿಲಿಗೆ ಮುಟ್ಟದ ವಿದ್ಯೆ ರೋಗವನ್ನು ತಡೆಯಲಾರದು.

೨೦೨೦ರಲ್ಲಿ ಕೋವಿಡ್ ಬಂದಾಗ ಬೀದಿಗಳು ಬರಿದಾದುದನ್ನು ನೀವು ಕಂಡಿದ್ದೀರಿ. ಆಗ ನಾವೆಲ್ಲರೂ ಸಂಶೋಧಕರ ಮಾತಿಗಾಗಿ ಕಾದು ಕುಳಿತೆವು. ಸಂಶೋಧಕನು ಕರೆದ ದಿನ ಸಿದ್ಧನಾಗುವವನಲ್ಲ. ಹತ್ತು ಹದಿನೈದು ವರ್ಷ ಮೊದಲೇ ಯಾರೋ ಅವನ ಓದಿಗೆ ಹಣ ಕೊಟ್ಟಿರುತ್ತಾರೆ. ಇನ್ನು ಹದಿನೈದು ವರ್ಷಕ್ಕೆ ಬೇಕಾಗುವವರು ಈಗ ನಿಮ್ಮ ಮನೆಗಳಲ್ಲಿಯೇ ದೀಪದ ಮುಂದೆ ಓದುತ್ತಿರಬಹುದು. ಅವರ ದಾರಿಖರ್ಚಿನ ಯೋಚನೆಯನ್ನು ನೀವು ಇಂದೇ ಮಾಡಬೇಕೆಂದು ಬೇಡುತ್ತೇನೆ.