ದನಿಗೆ ಲೆಕ್ಕ ಬರೆಯುವ ಚಿಪ್

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಅನೇಕ ಮನೆಗಳಲ್ಲಿ ಅಟ್ಟದ ಮೇಲೋ ಕಪಾಟಿನ ಮೂಲೆಯಲ್ಲೋ ಹಳೆಯ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆಯಿರುತ್ತದೆ. ಒಂದರಲ್ಲಿ ಅಜ್ಜಿ ಹೇಳಿದ ಸೋಬಾನೆ ಪದ, ಇನ್ನೊಂದರಲ್ಲಿ ಊರಿನ ತಾಳಮದ್ದಳೆ, ಮತ್ತೊಂದರಲ್ಲಿ ಊರಿನಿಂದ ಕಾಗದದ ಬದಲಿಗೆ ಬಂದ ಮಾತು. ಧಾರವಾಡದ ಮಾತಿನ ಗತ್ತು, ಕುಂದಾಪುರದ ಮಾತಿನ ಎಳೆತ ಇವು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕಿವಿಗೆ ಬೀಳಲು ಕೆಲವು ಮನೆಗಳಲ್ಲಿ ಆ ಪೆಟ್ಟಿಗೆಯೊಂದೇ ದಾರಿ. ಆದರೆ ಕ್ಯಾಸೆಟ್ಟು ಬಂದದ್ದು ೧೯೬೩ರಲ್ಲಿ. ಅದರ ಕಾಲ ಮುಗಿದಿದೆ. ತೇವದ ಗಾಳಿಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ನುಡಿಸುವ ಯಂತ್ರಗಳೂ ಅವನ್ನು ರಿಪೇರಿ ಮಾಡುವವರೂ ವಿರಳವಾಗುತ್ತಿದ್ದಾರೆ. ಆದುದರಿಂದ ಈ ದನಿಗಳನ್ನು ಅಂಕಿಗಳಾಗಿ ಮಾರ್ಪಡಿಸಿ ಉಳಿಸುವ ಚಿಪ್ಪಿನ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ. ನಾನು ವಿಜ್ಞಾನಿಯಲ್ಲ, ಲೆಕ್ಕ ಬರೆಯುವವನು. ಈ ಚಿಪ್ ಮಾಡುವುದೂ ಲೆಕ್ಕ ಬರೆಯುವ ಕೆಲಸವನ್ನೇ.

ದನಿಯೆಂದರೆ ಗಾಳಿಯ ಅಲೆ. ಮೈಕು ಅದನ್ನು ಏರಿಳಿಯುವ ವಿದ್ಯುತ್ತನ್ನಾಗಿ ಮಾಡುತ್ತದೆ. ಆ ಏರಿಳಿತವನ್ನು ಗೊತ್ತಾದ ಹೊತ್ತಿಗೊಮ್ಮೆ ಅಳೆದು, ಅಳತೆಯನ್ನು ಅಂಕಿಯಾಗಿ ಬರೆದಿಡುವುದೇ ಈ ಚಿಪ್ಪಿನ ಕಾರ್ಯ. ದನಿಯನ್ನು ಹೀಗೆ ಅಂಕಿಯಾಗಿಸುವ ಉಪಾಯವನ್ನು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರು ೧೯೩೭ರಲ್ಲಿಯೇ ಯೋಚಿಸಿದ್ದರು. ಎಷ್ಟು ಸಲ ಅಳೆಯಬೇಕು? ಅಲೆಯಲ್ಲಿರುವ ಅತಿ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಅಂಕಿಗಳಿಂದ ಪೂರ್ತಿಯಾಗಿ ಮರಳಿ ಪಡೆಯಬಹುದೆಂದು ೧೯೪೯ರಲ್ಲಿ ಕ್ಲಾಡ್ ಶಾನನ್ ಗಣಿತದಿಂದ ತೋರಿಸಿದರು. ಮನುಷ್ಯನ ಕಿವಿ ಕೇಳುವುದು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ. ಆದ್ದರಿಂದಲೇ ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ಸೆಕೆಂಡಿಗೆ ೪೪,೧೦೦ ಅಳತೆಗಳು ಗೊತ್ತಾದವು. ಅಳತೆ ಸಾಲದೆ ಹೋದರೆ ಇಲ್ಲದ ದನಿಯೊಂದು ಒಳಗೆ ನುಸುಳುತ್ತದೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಕುದುರೆಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ, ಹಾಗೆ.

ಇನ್ನು ಅಳತೆಯ ಸೂಕ್ಷ್ಮತೆ. ರೂಪಾಯಿಗೆ ಸರಿಮಾಡಿ ಬರೆದ ಲೆಕ್ಕಕ್ಕೂ ಪೈಸೆಯವರೆಗೆ ಬರೆದ ಲೆಕ್ಕಕ್ಕೂ ವ್ಯತ್ಯಾಸವುಂಟಷ್ಟೆ. ೧೬ ಬಿಟ್ಟಿನ ಚಿಪ್ಪಿಗೆ ೬೫,೫೩೬ ಮೆಟ್ಟಿಲುಗಳು. ೨೪ ಬಿಟ್ಟಿನದಕ್ಕೆ ೧,೬೭,೭೭,೨೧೬. ಒಂದೊಂದು ಬಿಟ್ಟು ಹೆಚ್ಚಿದಂತೆ ಜೋರು ದನಿಗೂ ತಳದ ಸದ್ದಿಗೂ ನಡುವಣ ಅಂತರ ಸುಮಾರು ೬ ಡೆಸಿಬೆಲ್ ಬೆಳೆಯುತ್ತದೆಂಬುದು ಲೆಕ್ಕ.

ಇಷ್ಟು ನುಣುಪಾದ ಮೆಟ್ಟಿಲುಗಳನ್ನು ನೇರವಾಗಿ ಕಟ್ಟುವುದು ಬಹಳ ಕಷ್ಟ. ಇದಕ್ಕೆ ಚಮತ್ಕಾರವಾದ ದಾರಿಯನ್ನು ೧೯೬೨ರಲ್ಲಿ ಜಪಾನಿನ ಇನೋಸೆ, ಯಸುದಾ ಮತ್ತು ಮುರಾಕಾಮಿ ಎಂಬುವರು ಪ್ರಕಟಿಸಿದರು. ಡೆಲ್ಟಾ-ಸಿಗ್ಮಾ ಎಂದು ಅದರ ಹೆಸರು. ಒಂದೇ ಸಲಕ್ಕೆ ಸೂಕ್ಷ್ಮವಾಗಿ ಅಳೆಯುವ ಬದಲು, 'ಹೆಚ್ಚೋ ಕಡಮೆಯೋ' ಎಂಬ ಒರಟು ಪ್ರಶ್ನೆಯನ್ನೇ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕೇಳುವುದು. ಪ್ರತಿ ಉತ್ತರದಲ್ಲಿ ಉಳಿದ ತಪ್ಪನ್ನು ಕೈಬಿಡದೆ, ಕಿರ್ದಿಯಲ್ಲಿ ಶಿಲ್ಕನ್ನು ಮುಂದಿನ ಪುಟಕ್ಕೆ ಒಯ್ದಂತೆ, ಮುಂದಿನ ಅಳತೆಗೆ ಒಯ್ಯುವುದು. ಹೀಗೆ ಮಾಡಿದಾಗ ಸರಾಸರಿ ಕರಾರುವಾಕ್ಕಾಗುತ್ತದೆ. ತಪ್ಪೆಲ್ಲ ಕಿವಿಗೆ ನಿಲುಕದ ಎತ್ತರದ ಕಂಪನಗಳಿಗೆ ಸರಿದುಹೋಗುತ್ತದೆ. ಅದನ್ನು ಸೋಸಿ ತೆಗೆಯಬಹುದು. ೧೯೮೦ರ ದಶಕದ ಕೊನೆಯ ಹೊತ್ತಿಗೆ ಇದೆಲ್ಲ ಒಂದೇ ಚಿಪ್ಪಿನಲ್ಲಿ ಅಡಕವಾಯಿತು. ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಸಾಧಾರಣ ಬೆಲೆಯ ಪೆಟ್ಟಿಗೆಗಳಲ್ಲಿ ಇಂದು ಕೆಲಸ ಮಾಡುವುದು ಬಹುಮಟ್ಟಿಗೆ ಇಂಥ ಚಿಪ್ಪೇ.

ಬಂಧುಗಳೇ, ಚಿಪ್ ಒಳ್ಳೆಯದಾದರೆ ಸಾಲದು. ಟೇಪಿನ ಮೇಲಿನದನ್ನು ಯಂತ್ರದ ಹೆಡ್ಡು ಓದದಿದ್ದರೆ ಯಾವ ಚಿಪ್ಪೂ ಅದನ್ನು ಹುಟ್ಟಿಸಲಾರದು. ಆದುದರಿಂದ ಮೊದಲು ಹೆಡ್ಡನ್ನು ಶುಚಿಮಾಡಿಸಿರಿ. ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕದೆ ತಿಳಿದವರಿಗೆ ಒಪ್ಪಿಸಿರಿ. ಸ್ಪೀಕರಿನ ಮುಂದೆ ಮೊಬೈಲು ಹಿಡಿದು ದನಿ ತುಂಬಿಕೊಳ್ಳಬೇಡಿರಿ. ಬೀದಿಯ ಗದ್ದಲ, ಫ್ಯಾನಿನ ಸದ್ದು ಎಲ್ಲವೂ ಅಜ್ಜಿಯ ಹಾಡಿನೊಡನೆ ಬಂದು ಕೂಡುತ್ತವೆ. ತಂತಿಯಿಂದ ನೇರವಾಗಿ ಜೋಡಿಸಿರಿ. ಸೆಕೆಂಡಿಗೆ ೪೮,೦೦೦ ಅಳತೆ, ೨೪ ಬಿಟ್ಟು ಇರಲಿ. ಕ್ಯಾಸೆಟ್ಟಿನ ಸ್ವಂತ ಸುಯ್ ಸದ್ದೇ ಸಾಕಷ್ಟಿರುವಾಗ ೧೬ ಬಿಟ್ಟು ಸಾಲದೇ ಎಂದು ಕೇಳಬಹುದು. ಸಾಲುತ್ತದೆ. ಆದರೆ ದನಿಯ ಮಟ್ಟ ಮೇಲಿನ ಮಿತಿಯನ್ನು ದಾಟಿದರೆ ಅಲೆಯ ತಲೆ ಕತ್ತರಿಸಿದಂತಾಗಿ, ಆ ಭಾಗ ಮರಳಿ ಬರುವುದಿಲ್ಲ. ೨೪ ಬಿಟ್ಟಿದ್ದರೆ ಮಿತಿಗಿಂತ ಸಾಕಷ್ಟು ಕೆಳಗೇ ನಿಶ್ಚಿಂತೆಯಿಂದ ಇರಬಹುದು.

ಎರಡು ಚಾನೆಲಿನ ಒಂದು ಗಂಟೆಗೆ ಇದು ೧೦೩ ಕೋಟಿ ೬೮ ಲಕ್ಷ ಬೈಟು, ಎಂದರೆ ಸುಮಾರು ಒಂದು ಜಿ.ಬಿ. ಇದನ್ನು ವೇವ್ ಕಡತವಾಗಿಯೇ ಇಡಿರಿ. ಎಂ.ಪಿ.ತ್ರೀ ಬಂಧುಗಳಿಗೆ ಹಂಚಲು ಸಾಕು, ಮೂಲವಾಗಿಡಲು ತಕ್ಕುದಲ್ಲ. ಸದ್ದು ತೆಗೆಯುವ ಸಂಸ್ಕಾರವನ್ನು ನಕಲಿನ ಮೇಲೆ ಮಾಡಿರಿ. ಎರಡು ಮೂರು ಪ್ರತಿಗಳು ಬೇರೆ ಬೇರೆ ಕಡೆ ಇರಲಿ. ಯಾರ ದನಿ, ಯಾವ ಊರು, ಯಾವ ವರ್ಷ ಎಂಬುದನ್ನು ಬರೆದಿಡಿರಿ. ಅದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ಈ ಒಂದು ಕೆಲಸವನ್ನು ಚಿಪ್ ಮಾಡಲಾರದು.

ಪ್ರತಿಯೊಂದು ಸಂಸಾರವೂ ಯಂತ್ರ ಕೊಳ್ಳಬೇಕಾಗಿಲ್ಲ. ಸಂಘವು ಒಂದು ಒಳ್ಳೆಯ ಕ್ಯಾಸೆಟ್ ಡೆಕ್ಕನ್ನೂ ಒಂದು ಪರಿವರ್ತಕ ಪೆಟ್ಟಿಗೆಯನ್ನೂ ಒದಗಿಸಿ, ಭಾನುವಾರಗಳಂದು ಸರದಿಯ ಮೇಲೆ ಕೆಲಸ ನಡೆಸಬಹುದು. ನಮ್ಮ ತರುಣರು ಯಂತ್ರದ ಬಳಿ ಕುಳಿತರೆ ಅವರಿಗೂ ಆ ಕನ್ನಡ ಕಿವಿಗೆ ಬೀಳುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು, ಅದರಲ್ಲಿ ಅವಸರ ಸಲ್ಲದು. ಕಾರ್ಯಕಾರಿ ಸಮಿತಿಯವರು ಈ ಸೂಚನೆಯನ್ನು ಪರಿಶೀಲಿಸಬೇಕೆಂದು ಬಿನ್ನವಿಸುತ್ತೇನೆ.