ಪಟ್ಟಿ ಬರೆಯೋರು ಯಾರು?

(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಯುವಕರ ಕೂಟಗಳಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನಾವು ಆಟದ ಬಗ್ಗೆ ಮಾತಾಡಬೇಕಾಗಿದೆ. ನಗಬೇಡ್ರಿ. ಭೂಮಿ ಸಿಕ್ಕಿಲ್ಲ, ಮಸಣಕ್ಕೆ ದಾರಿ ಸಿಕ್ಕಿಲ್ಲ, ಈ ಹುಡುಗರು ಚೆಂಡಿನ ಮಾತು ತಂದರಲ್ಲ ಅಂತ ಹಿರಿಯರು ಅನ್ನಬಹುದು. ಆದರೆ ಬರುವ ದೀಪಾವಳಿಗೆ ನಮ್ಮ ಹುಡುಗರು ಯಾರ ಹೆಸರಿನ ಅಂಗಿ ತೊಟ್ಟು ಕಬಡ್ಡಿ ಆಡಬೇಕು ಅನ್ನೋದನ್ನ ಇಲ್ಲೇ, ಈ ಕೂಟದಲ್ಲೇ ತೀರ್ಮಾನ ಮಾಡಬೇಕು. ಅದಕ್ಕೂ ಮುಂಚೆ ಬ್ರೆಜಿಲ್ ಅನ್ನೋ ದೂರದ ದೇಶದ ಕತೆ ಹೇಳ್ತೇವೆ. ಅಲ್ಲಿಗೆ ಹೋಗೋ ದಾರಿ ಬೆಂಗಳೂರಿನ ಒಂದು ಕೇರಿ ಹಾಯ್ದು ಹೋಗ್ತದೆ.

ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಗೌತಮಪುರ ಇದೆ. ದಂಡಿನ ಪ್ರದೇಶಕ್ಕೆ ಕೂಲಿ ಹುಡುಕಿಕೊಂಡು ಬಂದ, ಹೆಚ್ಚಾಗಿ ತಮಿಳು ಮಾತಾಡುವ ದಲಿತರ ಕೇರಿ ಅದು. ಬ್ರಿಟಿಷ್ ಸೈನಿಕರು ಬೂಟು ಕಟ್ಟಿಕೊಂಡು ಆಡುತ್ತಿದ್ದ ಕಾಲ್ಚೆಂಡನ್ನು ದಂಡಿನ ಸುತ್ತಲಿನ ಬಡವರ ಮಕ್ಕಳು ಬರಿಗಾಲಲ್ಲಿ ಕಲಿತರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ ಹೊಡೆದ ಒಂದೇ ಗೋಲು ಬೆಂಗಳೂರಿನ ರಾಮನ್ ಅವರದು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ಆ ಮೇಲೆ ಐವತ್ನಾಲ್ಕು ವರ್ಷ ಕಾಯ್ದು 2023ರಲ್ಲಿ ಕರ್ನಾಟಕ ಮತ್ತೆ ಗೆದ್ದಿತು.

ಗೌತಮಪುರದಲ್ಲಿ ಮೂರ್ತಿಗಳಿವೆ. ಬುದ್ಧ ಇದ್ದಾರೆ. ಬಾಬಾಸಾಹೇಬರು ಇದ್ದಾರೆ. ಮದರ್ ತೆರೇಸಾ ಇದ್ದಾರೆ. ಅವರ ಜೊತೆಗೆ ಚೆಂಡು ಹಿಡಿದ ಪೆಲೆ ಇದ್ದಾರೆ! ಬ್ರೆಜಿಲಿನ ಕರಿಯ ಆಟಗಾರ ಪೆಲೆ. ಆ ಕೇರಿಗೆ ಮಿನಿ ಬ್ರೆಜಿಲ್ ಅಂತಲೇ ಹೆಸರು. ಪೆಲೆ 2022ರ ಡಿಸೆಂಬರ್ 29ರಂದು ತೀರಿಕೊಂಡರು. ಬೆಂಗಳೂರಿನ ಸಾಹೇಬರ ಬಡಾವಣೆಗಳಲ್ಲಿ ಹುಡುಕಿದರೂ ಅಂಥ ಜೋಡಿ ಸಿಗಲಿಕ್ಕಿಲ್ಲ. ಒಂದು ದಲಿತ ಕೇರಿಗೆ ಅಂಬೇಡ್ಕರರ ಪಕ್ಕದಲ್ಲಿ ಪೆಲೆ ಯಾಕೆ ಬೇಕಾದರು? ಚೆನ್ನಾಗಿ ಆಡಿದ್ದಕ್ಕೆ ಮಾತ್ರವೇ? ಆಡಿದವರು ಬಹಳ ಜನ ಇದ್ದಾರೆ. ತಮ್ಮಂಥವನೇ ಒಬ್ಬ ಗೆದ್ದ ಅಂತ ಆ ಜನರ ಕರುಳಿಗೆ ತಿಳಿದಿದೆ.

ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರಲ್ಲಿ. ಅಮೆರಿಕ ಖಂಡಗಳಲ್ಲಿ ಕೊಟ್ಟಕೊನೆಗೆ ಬಿಟ್ಟ ದೇಶ ಅದು. ಬೇಡಿ ಕಳಚಿದರು, ಭೂಮಿ ಕೊಡಲಿಲ್ಲ. ಆಮೇಲೆ ಕೆಲವೇ ವರ್ಷಕ್ಕೆ ಕಾಲ್ಚೆಂಡು ಬಂತು. ಮೊದಲಿಗೆ ಅದು ಸಾಹೇಬರ ಆಟ. ರಿಯೋ ನಗರದ ದೊಡ್ಡ ಕ್ಲಬ್ಬುಗಳಲ್ಲಿ ಬಿಳಿಯ ಶ್ರೀಮಂತರ ಮಕ್ಕಳು ಆಡುತ್ತಿದ್ದರು. 1914ರಲ್ಲಿ ಒಬ್ಬ ಕಂದುಬಣ್ಣದ ಆಟಗಾರ ಅಂಥ ಕ್ಲಬ್ಬಿಗೆ ಸೇರಿ, ಮುಖಕ್ಕೆ ಅಕ್ಕಿಹಿಟ್ಟಿನ ಪುಡಿ ಬಳಿದುಕೊಂಡು ಅಂಗಳಕ್ಕೆ ಇಳಿಯುತ್ತಿದ್ದ ಅಂತ ಅಲ್ಲಿನ ಜನ ಈಗಲೂ ಹೇಳ್ತಾರೆ. ಕ್ಲಬ್ಬಿನವರು ಈ ಕತೆಯನ್ನು ಒಪ್ಪೋದಿಲ್ಲ. ಆದರೆ ಬೆವರು ಬಂದರೆ ಹಿಟ್ಟು ಇಳಿಯುತ್ತದೆ ಅನ್ನೋದು ನಮಗೆ ಗೊತ್ತು. ಊರು ಬಿಟ್ಟು ಪಟ್ಟಣಕ್ಕೆ ಹೋಗಿ, ಬಾಡಿಗೆ ಮನೆ ಕೇಳುವಾಗ ಕೇರಿಯ ಹೆಸರು ನುಂಗಿಕೊಂಡ ನಮ್ಮ ಹುಡುಗರು ಬಳಿದುಕೊಂಡದ್ದು ಇದೇ ಹಿಟ್ಟು.

ಆಗ ವಾಸ್ಕೋ ಡ ಗಾಮ ಅನ್ನೋ ಕ್ಲಬ್ಬು ಮುಂದೆ ಬಂತು. ಪೋರ್ಚುಗಲ್‌ನಿಂದ ವಲಸೆ ಬಂದವರು ಕಟ್ಟಿದ್ದು. 1922ರಲ್ಲಿ ಎರಡನೇ ದರ್ಜೆಯಲ್ಲಿ ಗೆದ್ದು ಮೇಲೆ ಬಂತು, 1923ರಲ್ಲಿ ರಿಯೋದ ಮೊದಲ ದರ್ಜೆಯನ್ನೇ ಗೆದ್ದುಬಿಟ್ಟಿತು. ಆಡಿದವರು ಯಾರು? ಕರಿಯರು, ಕಂದುಬಣ್ಣದವರು, ಬಡ ಬಿಳಿಯರು. ಕೈಕೆಲಸದ ಜನ. ದೊಡ್ಡ ಕ್ಲಬ್ಬುಗಳ ಹೊಟ್ಟೆಗೆ ಬೆಂಕಿ ಬಿತ್ತು. ಕರಿಯರು ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ. ಜಾಣರು! ನಿಯಮ ಬರೆದರು. ಆಟಗಾರನಿಗೆ ಯೋಗ್ಯವಾದ ಉದ್ಯೋಗ ಇರಬೇಕು. ಆಟಕ್ಕೆ ಮುಂಚೆ ಹಾಳೆಯ ಮೇಲೆ ತನ್ನ ಹೆಸರನ್ನು ತಾನೇ ಬರೆಯಬೇಕು. ಶಾಲೆಯ ಬಾಗಿಲು ಮುಚ್ಚಿದವರೇ ಅಕ್ಷರ ಕೇಳ್ತಾರೆ. ಮಸಿ ಕೆಲಸ ಹಚ್ಚಿದವರೇ ಬಿಳಿ ಕೈ ಕೇಳ್ತಾರೆ. ಈ ರಾಗ ನಮಗೆ ಹೊಸದೇನ್ರಿ? ಅರ್ಹತೆ, ಅರ್ಹತೆ ಅಂತ ನಮ್ಮ ಕಿವಿಗೂ ದಿನಾ ಊದುತ್ತಾರಲ್ಲ!

ವಾಸ್ಕೋದವರು ತಮ್ಮ ಆಟಗಾರರಿಗೆ ಅಕ್ಷರ ಕಲಿಸಿದರು. 1924ರಲ್ಲಿ ದೊಡ್ಡ ಕ್ಲಬ್ಬುಗಳು ಬೇರೆ ಸಂಘ ಕಟ್ಟಿಕೊಂಡು, ನೀವೂ ಬರ್ರಿ, ಆದರೆ ಈ ಹನ್ನೆರಡು ಜನರನ್ನ ತೆಗೆದು ಬರ್ರಿ ಅಂದವು. ಹನ್ನೆರಡು ಹೆಸರು ಹೊಡೆದುಹಾಕಿದ್ದರೆ ದೊಡ್ಡವರ ಪಂಕ್ತಿಯಲ್ಲಿ ಊಟ ಸಿಗುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಜೋಸೆ ಅಗುಸ್ತೊ ಪ್ರೆಸ್ಟೆಸ್ 1924ರ ಏಪ್ರಿಲ್ 7ರಂದು ಒಂದು ಕಾಗದ ಬರೆದು, ನಮ್ಮ ಹುಡುಗರನ್ನು ಬಿಟ್ಟು ನಾವು ಬರೋದಿಲ್ಲ ಅಂತ ತಿಳಿಸಿದ. ಆ ಕಾಗದವನ್ನು ಅಲ್ಲಿಯವರು ಚಾರಿತ್ರಿಕ ಉತ್ತರ ಅಂತ ಕರೀತಾರೆ. ಮರುವರ್ಷ ಅದೇ ದೊಡ್ಡವರು ವಾಸ್ಕೋವನ್ನು ಅದರ ಆಟಗಾರರ ಸಮೇತ ಒಳಗೆ ಕರೆದುಕೊಳ್ಳಬೇಕಾಯಿತು. ನಿಮಗೆ ಸ್ವಂತ ಅಂಗಳವೇ ಇಲ್ಲವಲ್ಲ ಅಂತ ಹಂಗಿಸಿದಾಗ, ಅಭಿಮಾನಿಗಳ ಚಂದಾ ಕೂಡಿಸಿ 1927ರಲ್ಲಿ ಕ್ರೀಡಾಂಗಣ ಕಟ್ಟಿದರು. ಆವತ್ತಿಗೆ ಬ್ರೆಜಿಲಿನಲ್ಲೇ ಅದಕ್ಕಿಂತ ದೊಡ್ಡದು ಇರಲಿಲ್ಲ.

ಇದೇ ಹೊತ್ತಿಗೆ ನಮ್ಮಲ್ಲಿ ಏನು ನಡೆದಿತ್ತು? ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಧಾರವಾಡದಲ್ಲೇ 1876ರಲ್ಲಿ ಪಾಳವಂಕರ ಬಾಳೂ ಹುಟ್ಟಿದರು. ಚಮ್ಮಾರರ ಮಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಕ್ರಿಕೆಟ್ ಅಂಗಳ ಸಮ ಮಾಡೋ ಕೆಲಸ. ಅಲ್ಲೇ ಚೆಂಡು ತಿರುಗಿಸೋದು ಕಲಿತರು. ಹಿಂದೂಗಳ ತಂಡಕ್ಕೆ ಗೆಲುವು ಬೇಕಾದಾಗ ಕರೆದರು. ಚೆಂಡನ್ನು ಅವರ ಕೈಯಿಂದ ಇಸಿದುಕೊಂಡರು, ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ನಾಯಕ ಪಟ್ಟ ಕೊಡಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ ಮತ್ತು ವಿಠಲ, ಈ ಅನ್ಯಾಯ ಸಾಕು ಅಂತ ತಂಡ ಬಿಟ್ಟು ಹೊರಗೆ ನಿಂತರು. 1923ರಲ್ಲಿ ವಿಠಲ ಹಿಂದೂ ತಂಡದ ನಾಯಕರಾದರು. 1923! ರಿಯೋದಲ್ಲಿ ವಾಸ್ಕೋ ಗೆದ್ದ ವರ್ಷವೇ. ನಡುವೆ ಸಮುದ್ರ ಇತ್ತು, ಒಬ್ಬರ ಸುದ್ದಿ ಒಬ್ಬರಿಗೆ ಮುಟ್ಟುವಂತಿರಲಿಲ್ಲ. ನೋವು ಒಂದೇ ಇತ್ತು.

1933ರಿಂದ ರಿಯೋದಲ್ಲಿ ಆಟಕ್ಕೆ ಸಂಬಳ ಬಂತು. ಕರಿಯ ಹುಡುಗರಿಗೆ ಬಾಗಿಲು ಅಗಲವಾಯಿತು. ಆದರೆ ಬಾಗಿಲ ಒಳಗೆ ಇನ್ನೊಂದು ಹಗ್ಗ ಇತ್ತು. ಅದಕ್ಕೆ ಪಾಸೆ ಅಂತ ಹೆಸರು. ಕರಾರು ಮುಗಿದರೂ ಆಟಗಾರ ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ, ಹಳೇ ಒಡೆಯ ಬಿಡುಗಡೆಯ ಬೆಲೆ ಹೇಳಬೇಕು. ನಮ್ಮ ಅಜ್ಜಂದಿರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇದು ಜೀತ. ಕಾಲಲ್ಲಿ ಚೆಂಡಿದ್ದರೂ ಜೀತ ಜೀತವೇ. ಅಫೊನ್ಸಿನ್ಯೊ ಅನ್ನೋ ಆಟಗಾರ ಗಡ್ಡ ಬೋಳಿಸು ಅಂದ ಕ್ಲಬ್ಬಿನ ಎದುರು ನಿಂತು, 1971ರಲ್ಲಿ ತನ್ನ ಪಾಸನ್ನು ತಾನೇ ಗೆದ್ದುಕೊಂಡ. 1976ರಲ್ಲಿ ಭಾರತ ಜೀತ ರದ್ದತಿ ಕಾಯ್ದೆ ಮಾಡಿತು, ಅದೇ ವರ್ಷ ಬ್ರೆಜಿಲ್ ಪಾಸೆಯನ್ನು ಕಾಯ್ದೆಯಲ್ಲಿ ಬರೆದಿಟ್ಟಿತು. ಅದು ಸಡಿಲಾಗಿದ್ದು 1998ರ ಕಾಯ್ದೆಯಿಂದ. ಅದನ್ನು ತಂದ ಕ್ರೀಡಾ ಮಂತ್ರಿ ಯಾರು ಗೊತ್ತೇನ್ರಿ? ಪೆಲೆ. ಕಾಯ್ದೆಗೇ ಪೆಲೆ ಕಾಯ್ದೆ ಅಂತ ಹೆಸರು. 2001ರಲ್ಲಿ ಪಾಸೆ ಸತ್ತಿತು. ಬಣ್ಣದ ಅವಮಾನದ ಬಗ್ಗೆ ಪೆಲೆ ಗಟ್ಟಿಯಾಗಿ ಮಾತಾಡಲಿಲ್ಲ ಅನ್ನೋ ಟೀಕೆ ಇದೆ, ಅದರಲ್ಲಿ ನಿಜವೂ ಇದೆ. ಆದರೆ ಬೂಟು ಒರೆಸುತ್ತಿದ್ದ ಆ ಹುಡುಗ ಮಂತ್ರಿಯ ಕುರ್ಚಿಯಲ್ಲಿ ಕುಂತು ಹಗ್ಗ ಕೊಯ್ದ. ಇದನ್ನು ಮರೆಯಬಾರದು.

ಈಗ ಆ ದೇಶದ ದೊಡ್ಡ ಲೀಗಿನಲ್ಲಿ ಇಪ್ಪತ್ತು ತಂಡಗಳಿವೆ. ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಬೇಕು, ತನ್ನ ಊರಲ್ಲಿ ಒಂದು, ಅವರ ಊರಲ್ಲಿ ಒಂದು. ಕೊನೆಯ ನಾಲ್ಕು ತಂಡ ಎರಡನೇ ದರ್ಜೆಗೆ ಇಳೀತಾವೆ, ಅಲ್ಲಿಂದ ನಾಲ್ಕು ಮೇಲೆ ಬರ್ತಾವೆ. ವಾಸ್ಕೋದಂಥ ವಾಸ್ಕೋವೂ 2008ರಲ್ಲಿ ಇಳಿಯಿತು. ಮನುವಿನ ಪಟ್ಟಿಯಲ್ಲಿ ಹಿಂಗೆ ಯಾವತ್ತಾದರೂ ನಡೆದಿದೆಯೇ? ಎಷ್ಟು ಸೋತರೂ ಮೇಲಿನವನು ಇಳಿಯೋದಿಲ್ಲ, ಎಷ್ಟು ಗೆದ್ದರೂ ಕೆಳಗಿನವನು ಏರೋದಿಲ್ಲ. ಬಾಬಾಸಾಹೇಬರು ಹೇಳಿದ ಮೆಟ್ಟಿಲಿಲ್ಲದ ಗೋಪುರ ಇದೇ. ನಮ್ಮ ದೇಶದ ಐಎಸ್‌ಎಲ್ 2014ರಲ್ಲಿ ಶುರುವಾದಾಗ ಅಲ್ಲೂ ರೊಕ್ಕ ಕೊಟ್ಟು ಜಾಗ ಕೊಂಡವರದೇ ತಂಡಗಳು, ಇಳಿಯೋ ಭಯ ಯಾರಿಗೂ ಇರಲಿಲ್ಲ.

ಬ್ರೆಜಿಲಿನಲ್ಲಿ ಎಲ್ಲಾ ಸರಿಯಾಯಿತು ಅಂತ ತಿಳಿಯಬೇಡ್ರಿ. ಆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಕರಿಯರು, ಮಿಶ್ರ ಬಣ್ಣದವರು. ಅಂಗಳದಲ್ಲಿ ಓಡುವವರಲ್ಲಿ ಅವರು ತುಂಬಿದ್ದಾರೆ. ಆದರೆ 2019ರಲ್ಲಿ ಇಪ್ಪತ್ತು ತಂಡಗಳ ಪೈಕಿ ಕರಿಯ ತರಬೇತುದಾರರು ಇಬ್ಬರೇ, ರೋಜರ್ ಮಚಾದೊ ಮತ್ತು ಮಾರ್ಕಾವೊ. ಆ ಅಕ್ಟೋಬರ್ 12ರಂದು ಮರಕಾನ ಅಂಗಳದಲ್ಲಿ ಇಬ್ಬರ ತಂಡಗಳು ಎದುರಾದವು. ಇಬ್ಬರೂ ವರ್ಣಭೇದದ ವಿರುದ್ಧ ಬರೆದ ಅಂಗಿ ತೊಟ್ಟು ಬಂದರು. ಓಡೋ ಕಾಲು ನಮ್ಮದು ಬೇಕು. ಯಾರು ಓಡಬೇಕು ಅಂತ ಪಟ್ಟಿ ಬರೆಯೋ ಕೈ ನಮ್ಮದು ಬೇಡ. ಅಲ್ಲೂ ಇದೇ, ಇಲ್ಲೂ ಇದೇ.

ಹೆಣ್ಣುಮಕ್ಕಳ ಮಾತು ಬಿಟ್ಟರೆ ಈ ಕತೆ ಅರ್ಧ. ಅದೇ ಬ್ರೆಜಿಲಿನಲ್ಲಿ 1941ರಿಂದ 1979ರವರೆಗೆ ಹೆಂಗಸರು ಕಾಲ್ಚೆಂಡು ಆಡೋದನ್ನ ಸರ್ಕಾರವೇ ನಿಷೇಧಿಸಿತ್ತು. ನಮ್ಮ ಕೇರಿಯಲ್ಲಿ ಸರ್ಕಾರ ಬೇಕಾಗಿಲ್ಲ, ಅಣ್ಣ ಸಾಕು. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೈ ಉರಿಯುವಾಗ ಆಕೆ ಹುಡುಗಿ ಅಂತ ಯಾರಿಗೂ ನೆನಪಾಗೋದಿಲ್ಲ. ರಾಣೆಬೆನ್ನೂರಿನ ಬೀಜದ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸುವಾಗಲೂ ನೆನಪಾಗೋದಿಲ್ಲ. ಕಬಡ್ಡಿ ಅಂದ ಕೂಡಲೇ ನೆನಪಾಗ್ತದೆ!

ಈಗ ನಮ್ಮ ಅಂಗಳಕ್ಕೆ ಬರೋಣ. ದೀಪಾವಳಿ ಬಂತಂದ್ರ ನಮ್ಮ ಹಾವೇರಿ ಸೀಮೆಯಾಗ ಕೊಬ್ಬರಿ ಹೋರಿ ಓಡ್ತಾವ. ಹೋರಿಗೆ ಹೆಸರೈತಿ, ಅಭಿಮಾನಿಗಳು ಅದಾರ, ಅದರ ಚಿತ್ರ ಅಚ್ಚಾದ ಅಂಗಿ ಐತಿ. ಸೆಗಣಿ ಬಳಿದು ಮೇವು ಹಾಕಿದವನ ಹೆಸರು ಎಲ್ಲೈತಿ? ಕಬಡ್ಡಿಯಲ್ಲೂ ಹಂಗ ಆಗೈತಿ. ಊರ ಹೆಸರು ಬೇಡ, ಒಂದೂರಿನ ತಂಡ ಹೋದ ವರ್ಷ ನಮ್ಮ ಕೇರಿಯ ಇಬ್ಬರನ್ನ ಕರೀತು. ಕೊನೆಯ ಆಟದಲ್ಲಿ ಒಬ್ಬನೇ ರೇಡಿಗೆ ಹೋಗಿ ಮೂವರನ್ನ ಮುಟ್ಟಿ ಬಂದ. ಮುಟ್ಟಿದ್ದಕ್ಕೆ ಅಂಕ ಕೊಟ್ಟರು. ರಾತ್ರಿ ಊಟಕ್ಕೆ ಆ ಇಬ್ಬರಿಗೆ ಎಲೆ ಹೊರಗೆ. ಮರುದಿನ ಶೀಲ್ಡಿನ ಮೆರವಣಿಗೆ. ಮುಂದೆ ಹಲಗಿ ಬಾರಿಸಾಕ ಅವನಪ್ಪಗ ಹೇಳಿ ಕಳಿಸಿದರು. ಅಪ್ಪಗ ಮೈಯಾಗ ನೆಟ್ಟಗಿರಲಿಲ್ಲ. ಗೆಲ್ಲಿಸಿದ ಹುಡುಗನೇ ಹಲಗಿ ಕಟ್ಟಿಕೊಂಡು ತಾನು ಗೆದ್ದ ಶೀಲ್ಡಿನ ಮುಂದೆ ನಡೆದ. ಆ ತಂಡದ ಪಟ್ಟಿಯಲ್ಲಿ ನಮ್ಮವರ ಹೆಸರು ಎರಡಿತ್ತು, ಕಮಿಟಿಯಲ್ಲಿ ಒಂದೂ ಇರಲಿಲ್ಲ.

ಈ ವರ್ಷ ಮತ್ತೆ ಕರೆ ಬಂದಿದೆ. ತಲೆಗೆ ಎರಡು ಸಾವಿರ ಅಂತ. ಬಡವರ ಮನೆಗೆ ಅದು ಸಣ್ಣ ರೊಕ್ಕ ಅಲ್ಲ, ಆಸೆಪಟ್ಟವರನ್ನ ನಾವು ಬೈಯೋದಿಲ್ಲ. ಆದರೆ ಈ ಕೂಟದ ಮುಂದೆ ನಮ್ಮ ಸಲಹೆ ಇದು: ನಮ್ಮದೇ ಲೀಗು ಕಟ್ಟೋಣ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ದಾರಿಯ ಮೇಲಿವೆ. ಮೂರು ತಂಡ, ಹುಡುಗಿಯರದು ಬೇರೆ ಮೂರು. ಒಮ್ಮೆ ಸೋತರೆ ಮನೆಗೆ ಹೋಗೋ ಪದ್ಧತಿ ಬೇಡ. ಎಲ್ಲರೂ ಎಲ್ಲರ ಕೇರಿಗೆ ಹೋಗಿ ಆಡಲಿ, ಅಲ್ಲೇ ಉಣ್ಣಲಿ. ಹೊಲಗೇರಿಯವರು ಮಾದಿಗರ ಮನೆಯಲ್ಲಿ ಉಣ್ಣಲಿ, ಅವರು ಇವರ ಮನೆಯಲ್ಲಿ ಉಣ್ಣಲಿ. ನಮ್ಮೊಳಗಿನ ಗೋಡೆಯೂ ಬೀಳಲಿ. ಬೇರೆ ಜಾತಿಯ ಬಡ ಹುಡುಗ ಬಂದರೆ ಬರಲಿ, ವಾಸ್ಕೋದಲ್ಲೂ ಬಡ ಬಿಳಿಯರಿದ್ದರು. ಒಂದೇ ಶರತ್ತು, ಊಟದ ಪಂಕ್ತಿ ಒಂದೇ.

ರೊಕ್ಕ ಎಲ್ಲಿಂದ ಅಂತೀರಾ? ಮನೆಗೆ ಇಪ್ಪತ್ತು ರೂಪಾಯಿ. ಹಮಾಲರು, ತೊಟ್ಟು ಬಿಡಿಸೋ ತಾಯಂದಿರು, ಬೀಜದ ಹೊಲದ ಕೂಲಿಯವರು ಕೊಟ್ಟದ್ದು ಸಾಕು. ಲೆಕ್ಕದ ಪುಸ್ತಕ ಬಯಲಲ್ಲಿ ಇರಲಿ. ರಾಜಕಾರಣಿಯ ಬ್ಯಾನರು ಬೇಡ. ಹಲಗಿ ನಮ್ಮ ಆಟಕ್ಕೆ ನಾವೇ ಬಾರಿಸೋಣ, ಯಾರೂ ಹೇಳಿ ಕಳಿಸೋದು ಬೇಡ.

ಹೊರಗಿನ ತಂಡದವರು ಬಂದು ಕೇಳಿದರೆ ವಾಸ್ಕೋ ಕೊಟ್ಟ ಉತ್ತರವನ್ನೇ ಕೊಡೋಣ. ಎಲ್ಲರೂ ಸೇರಿ ಬರ್ತೇವೆ, ಕಮಿಟಿಯಲ್ಲೂ ಕೂಡ್ತೇವೆ, ಊಟಕ್ಕೂ ಒಳಗೇ ಕೂಡ್ತೇವೆ. ಒಪ್ಪಿದರೆ ಆಟ. ಒಪ್ಪದಿದ್ದರೆ ನಮ್ಮ ಅಂಗಳ ನಮಗಿದೆ.

ಗೆಳೆಯರೆ, ಚರ್ಚೆ ಆಗಲಿ, ಬೇಡ ಅನ್ನುವವರು ಎದ್ದು ನಿಂತು ಬೇಡ ಅನ್ನಲಿ. ಆಮೇಲೆ ಒಂದು ಹಾಳೆ ನಿಮ್ಮ ಮುಂದೆ ಬರ್ತದೆ. ಆಡುವವರು, ಚಂದಾ ಕೊಡುವವರು ಹೆಸರು ಬರೀರಿ. ಹಿರಿಯರಲ್ಲಿ ಯಾರಿಗಾದರೂ ಬರೆಯಾಕ ಬಾರದಿದ್ದರ ಮಗ್ಗುಲಲ್ಲಿರೋ ಹುಡುಗಿ ಕೈ ಹಿಡಿದು ಬರೆಸಲಿ. ಈ ಪಟ್ಟಿಯಲ್ಲಿ ಹೆಬ್ಬೆಟ್ಟು ಬೇಡ.

ಜೈಭೀಮ್.